ಸುವಾರ್ತೆ ಕೇಳದೆ ಹೋದ ನಮ್ಮ ಹಿರಿಯರು

ಲೈನ್ ಮನೆಗಳ ಪ್ರಾರ್ಥನಾ ಕೂಟಗಳಲ್ಲಿ ಒಂದು ಪ್ರಶ್ನೆ ನಮ್ಮನ್ನು ಬಿಡದೆ ಹಿಂಬಾಲಿಸಿದೆ. ಕೂಟದ ನಡುವೆ ಎದ್ದು ನಿಂತು ಯಾರೂ ಅದನ್ನು ಕೇಳುವುದಿಲ್ಲ. ಪ್ರಾರ್ಥನೆ ಮುಗಿದು, ಚಾಪೆ ಸುತ್ತಿಟ್ಟು, ಎಲ್ಲರೂ ಹೊರಡುವ ಹೊತ್ತಿಗೆ ಒಬ್ಬ ತಾಯಿ ಬಾಗಿಲ ಬಳಿ ತಡೆದು ಮೆಲ್ಲಗೆ ಕೇಳುತ್ತಾಳೆ: “ಅಯ್ಯನೋರೇ, ನಮ್ಮವ್ವ ಯೇಸುಸ್ವಾಮಿ ಹೆಸರೇ ಕೇಳ್ದೆ ಹೋಗ್ಬುಟ್ಳು. ಈಗ ಎಲ್ಲವ್ಳೆ?”

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೇಳುವವಳಿಗೆ ಅದು ವೇದಾಂತದ ಚರ್ಚೆಯಲ್ಲ. ಮೈಸೂರು ಸೀಮೆಯ ಬಯಲಿನಿಂದ ಘಟ್ಟ ಹತ್ತಿ ನೀಲಗಿರಿಗೂ ವಯನಾಡಿಗೂ ಕೂಲಿಗೆ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಮಲೆಜ್ವರದಲ್ಲಿ ಹೋದರು, ಹೆರಿಗೆಯಲ್ಲಿ ಹೋದರು, ದುಡಿದು ದುಡಿದು ಹೋದರು. ಎಷ್ಟೋ ಜನರ ಮಣ್ಣಿನ ಗುರುತೂ ಉಳಿದಿಲ್ಲ. ಅವರು ಯಾರಿಗೂ ಮೋಸ ಮಾಡಿದವರಲ್ಲ, ಹಸಿದು ಬಂದವರಿಗೆ ತಮ್ಮ ತಟ್ಟೆಯ ಗಂಜಿಯನ್ನೇ ಬಗ್ಗಿಸಿ ಕೊಟ್ಟವರು. ತಮಗೆ ತಿಳಿದ ಹೆಸರಿನಿಂದ ದೇವರನ್ನು ಕರೆದು ಕಣ್ಣು ಮುಚ್ಚಿದರು. ಅವರ ಮಕ್ಕಳಾದ ನಾವು ಈಗ ಕ್ರಿಸ್ತನಲ್ಲಿ ರಕ್ಷಣೆ ಇದೆ ಎಂದು ಹಾಡುತ್ತೇವೆ. ಹಾಡುವಾಗ ಅವ್ವನ ಮುಖ ಕಣ್ಣ ಮುಂದೆ ಬಂದರೆ ಗಂಟಲು ಕಟ್ಟದೆ ಇದ್ದೀತೇ?

ಈ ದುಃಖ ನಮ್ಮೊಬ್ಬರದೇ ಅಲ್ಲ. ನಮ್ಮ ಗೋವೆಯ ಓದುಗರಿಗೆ ಫ್ರಾನ್ಸಿಸ್ ಕ್ಸೇವಿಯರನ ಹೆಸರು ಚೆನ್ನಾಗಿ ಗೊತ್ತು. 1542ರಲ್ಲಿ ಗೋವೆಗೆ ಬಂದಿಳಿದ ಈ ಬೋಧಕನು 1549ರಲ್ಲಿ ಜಪಾನ್ ದೇಶಕ್ಕೆ ಹೋದನು. ಅಲ್ಲಿ ಎರಡು ವರ್ಷಕ್ಕೂ ಮೇಲ್ಪಟ್ಟು ಇದ್ದು ಮರಳಿ, 1552ರ ಜನವರಿಯಲ್ಲಿ ಕೊಚ್ಚಿಯಿಂದ ಯುರೋಪಿನಲ್ಲಿದ್ದ ತನ್ನ ಸಂಗಡಿಗರಿಗೆ ಒಂದು ದೀರ್ಘ ಪತ್ರ ಬರೆದನು. ಜಪಾನಿನ ಜನರು ತನ್ನನ್ನು ಕೇಳಿದ ಪ್ರಶ್ನೆಗಳನ್ನು ಅದರಲ್ಲಿ ಮರೆಮಾಚದೆ ಹೇಳಿದ್ದಾನೆ.

ಅವರ ಪ್ರಶ್ನೆ ಇದು: ನೀನು ಸಾರುವ ದೇವರು ಅಷ್ಟು ಒಳ್ಳೆಯವನಾಗಿದ್ದರೆ ಇಷ್ಟು ಕಾಲ ನಮಗೇಕೆ ತನ್ನನ್ನು ತೋರಿಸಿಕೊಳ್ಳಲಿಲ್ಲ? ಕ್ಸೇವಿಯರನು ಕೊಟ್ಟ ಉತ್ತರ ಗಮನಿಸಬೇಕಾದದ್ದು. ಚೀನಾದಿಂದ ಧರ್ಮಗ್ರಂಥಗಳು ಬರುವುದಕ್ಕೆ ಮೊದಲೇ ಕೊಲ್ಲುವುದು, ಕದಿಯುವುದು, ಸುಳ್ಳುಸಾಕ್ಷಿ ಹೇಳುವುದು ಕೆಟ್ಟದ್ದೆಂದು ನಿಮಗೆ ಗೊತ್ತಿರಲಿಲ್ಲವೇ? ಯಾರೂ ಕಲಿಸದೆ ಬೆಟ್ಟದಲ್ಲಿ ಬೆಳೆದವನನ್ನು ಕೇಳಿದರೂ ಅವನಿಗೆ ಅದು ಗೊತ್ತಿರುತ್ತದೆ. ಆ ಅರಿವನ್ನು ಅವನೊಳಗೆ ಇಟ್ಟವನು ಸೃಷ್ಟಿಕರ್ತನೇ. ಹೀಗೆಂದಾಗ ಜನರಿಗೆ ಸಮಾಧಾನವಾಯಿತೆಂದು ಅವನು ಬರೆಯುತ್ತಾನೆ.

ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ವಿಶ್ವಾಸಕ್ಕೆ ಬಂದವರು ತಮ್ಮ ತಂದೆ ತಾಯಿ, ಸತ್ತ ಹೆಂಡಿರು ಮಕ್ಕಳನ್ನು ನೆನೆದು ಅಳುತ್ತಾ, ದಾನ ಮಾಡಿಯೋ ಪ್ರಾರ್ಥನೆ ಮಾಡಿಯೋ ಅವರಿಗೆ ಏನಾದರೂ ಸಹಾಯ ಮಾಡಬಹುದೇ ಎಂದು ಕೇಳಿದರು. ನರಕಕ್ಕೆ ಹೋದವರಿಗೆ ಯಾವ ಸಹಾಯವೂ ಇಲ್ಲವೆಂದು ಅವನು ಹೇಳಿದನು. ಅವರು ಅತ್ತರು. ಅಷ್ಟು ಪ್ರೀತಿಯ ಸ್ನೇಹಿತರು ಅಳುವುದನ್ನು ಕಂಡು ತನಗೂ ಸಂಕಟವಾಯಿತೆಂದು ಒಪ್ಪಿಕೊಂಡಿದ್ದಾನೆ. ಅದೇ 1552ರ ಡಿಸೆಂಬರಿನಲ್ಲಿ ಚೀನಾದ ಕರಾವಳಿಯ ಒಂದು ದ್ವೀಪದಲ್ಲಿ ಅವನು ತೀರಿಕೊಂಡನು. ಅವನ ದೇಹ ಇಂದು ಹಳೆ ಗೋವೆಯಲ್ಲಿದೆ.

ಈ ಎರಡು ಉತ್ತರಗಳು ಒಬ್ಬನೇ ಮನುಷ್ಯನ ಬಾಯಿಂದ ಬಂದವು. ಮೊದಲನೆಯದರಲ್ಲಿ ದೇವರು ಕೇಳದವರನ್ನೂ ಬಿಟ್ಟಿಲ್ಲ. ಎರಡನೆಯದರಲ್ಲಿ ಅವರಿಗೆ ಬಾಗಿಲು ಮುಚ್ಚಿದೆ. ಕ್ರೈಸ್ತ ಸಭೆಯ ಇತಿಹಾಸ ಪೂರ್ತಿ ಈ ಎರಡರ ನಡುವೆ ತೂಗಾಡಿದೆ. ಆದ್ದರಿಂದ ದೇವಭಕ್ತರು ಏನೇನು ಹೇಳಿದ್ದಾರೆಂದು ಮೊದಲು ನೋಡೋಣ.

ಮೊದಲನೆಯ ಗುಂಪಿನವರು ಹೇಳುವುದು: ಕೇಳಿ ನಂಬಿದವರಿಗೆ ಮಾತ್ರ ರಕ್ಷಣೆ. ತಾನೇ ಮಾರ್ಗವೆಂದು ಕರ್ತನು ಹೇಳಿದನು. ಬೇರಾವ ಹೆಸರಿನಲ್ಲಿಯೂ ರಕ್ಷಣೆ ಇಲ್ಲವೆಂದು ಪೇತ್ರನು ಅಧಿಕಾರಿಗಳ ಮುಂದೆ ಸಾರಿದನು. ಸಾರುವವನಿಲ್ಲದೆ ಕೇಳುವುದು ಹೇಗೆಂದು ಪೌಲನು ರೋಮಾಪುರದವರಿಗೆ ಬರೆದನು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಕಥೋಲಿಕ ಸಭೆಯ ಹೊರಗೆ ಯಾರಿಗೂ ನಿತ್ಯಜೀವವಿಲ್ಲವೆಂದು ಕಟ್ಟುನಿಟ್ಟಾಗಿ ಹೇಳಿತು. ಇಂಗ್ಲೆಂಡಿನ ಪ್ರೊಟೆಸ್ಟೆಂಟರು 1646ರಲ್ಲಿ ರಚಿಸಿದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪತ್ರದ ನಿಲುವೂ ಕಠಿಣವಾದದ್ದೇ. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಕೂಡಿದ ಸುವಾರ್ತಾ ಸಮ್ಮೇಳನವು ಸೃಷ್ಟಿಯಿಂದ ಎಲ್ಲರಿಗೂ ದೇವರ ಅರಿವು ಸ್ವಲ್ಪ ಇದೆಯೆಂದು ಒಪ್ಪಿದರೂ ಆ ಅರಿವು ರಕ್ಷಿಸಲಾರದೆಂದಿತು. ಈ ಮಾತು ಎಷ್ಟೇ ಕಠಿಣವಾಗಿ ಕಂಡರೂ ಅದನ್ನು ಹೇಳಿದವರನ್ನು ಕಲ್ಲೆದೆಯವರೆನ್ನಬಾರದು. ಈ ನಂಬಿಕೆಯ ಭಾರ ಹೊತ್ತೇ ಎಷ್ಟೋ ಮಂದಿ ಮನೆ ಮಠ ಬಿಟ್ಟು ಸಮುದ್ರ ದಾಟಿದರು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದರಿಂದ, 1846ರಲ್ಲಿ ನೀಲಗಿರಿಯ ಕೇತ್ತಿಯಲ್ಲಿ ಕೆಲಸ ಆರಂಭಿಸಿದ್ದರಿಂದ, ನಮ್ಮ ಭಾಷೆಯಲ್ಲಿ ಸುವಾರ್ತೆ ಈ ಬೆಟ್ಟಗಳಿಗೆ ಬಂತು.

ಎರಡನೆಯ ಗುಂಪಿನವರು ಹೇಳುವುದು: ರಕ್ಷಿಸುವವನು ಕ್ರಿಸ್ತನೊಬ್ಬನೇ, ಆದರೆ ಅವನ ಕೈ ನಮ್ಮ ಬಾಯಿ ತಲುಪುವಷ್ಟು ದೂರಕ್ಕೆ ಮಾತ್ರ ಚಾಚುವುದಿಲ್ಲ. ಧರ್ಮಶಾಸ್ತ್ರವಿಲ್ಲದ ಅನ್ಯಜನರ ಹೃದಯದಲ್ಲಿಯೂ ಅದರ ಬರಹವಿದೆಯೆಂದು ಅದೇ ಪೌಲನು ಅದೇ ಪತ್ರದಲ್ಲಿ ಬರೆದನಲ್ಲವೇ? ಯೋಬನು ಇಸ್ರಾಯೇಲಿನವನಲ್ಲ. ಅಬ್ರಹಾಮನನ್ನು ಆಶೀರ್ವದಿಸಿದ ಮೆಲ್ಕಿಜೆದೇಕನೂ ಅಲ್ಲ. ರೋಮ್ ಸೈನ್ಯದ ಕೊರ್ನೇಲ್ಯನ ಮನೆಗೆ ಪೇತ್ರನು ಕಾಲಿಡುವ ಮೊದಲೇ ಅವನ ಪ್ರಾರ್ಥನೆ, ದಾನಧರ್ಮ ದೇವರ ಸನ್ನಿಧಿ ಮುಟ್ಟಿದ್ದವು. ಎರಡನೆಯ ಶತಮಾನದಲ್ಲಿ ರಕ್ತಸಾಕ್ಷಿ ಜಸ್ಟಿನನು, ಕ್ರಿಸ್ತನಿಗಿಂತ ಮುಂಚೆ ವಿವೇಕದಿಂದ ಬಾಳಿದ ಸಾಕ್ರಟೀಸನಂಥವರನ್ನೂ ಕ್ರೈಸ್ತರೆಂದೇ ಎಣಿಸಿದನು. ಕಾಡಿನಲ್ಲಿ ಬೆಳೆದವನೊಬ್ಬನು ತನ್ನ ಅರಿವಿಗೆ ತಕ್ಕಂತೆ ಒಳ್ಳೆಯದನ್ನು ಅರಸಿದರೆ ದೇವರು ಅವನಿಗೆ ಒಳಗಿನಿಂದಲಾದರೂ ತಿಳಿಸುವನು, ಇಲ್ಲವೇ ಪೇತ್ರನನ್ನು ಕಳುಹಿಸಿದಂತೆ ಒಬ್ಬ ಬೋಧಕನನ್ನು ಕಳುಹಿಸುವನು ಎಂದು 13ನೆಯ ಶತಮಾನದ ಥಾಮಸ್ ಅಕ್ವಿನಾಸನು ಬೋಧಿಸಿದನು. ಮೆಥೊಡಿಸ್ಟ್ ಪಂಗಡವನ್ನು ಹುಟ್ಟುಹಾಕಿದ ಜಾನ್ ವೆಸ್ಲಿ, ಕೇಳದವರ ಮೇಲೆ ತೀರ್ಪು ಹೇಳುವ ಅಧಿಕಾರ ತನಗೆ ವೇದದಲ್ಲಿ ಸಿಕ್ಕಿಲ್ಲವೆಂದು, ಅವರನ್ನು ಸೃಷ್ಟಿಸಿದವನ ಕೈಗೇ ಬಿಟ್ಟನು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ನಿಷ್ಕಪಟ ಮನಸ್ಸಿನಿಂದ ದೇವರನ್ನು ಅರಸಿ, ಆತನ ಕೃಪೆಯ ಬಲದಿಂದ ಮನಸ್ಸಾಕ್ಷಿಗೆ ತಕ್ಕಂತೆ ನಡೆಯುವವರಿಗೂ ನಿತ್ಯರಕ್ಷಣೆ ದೊರಕಬಲ್ಲದೆಂದು ಬರೆಯಿತು.

ಮೂರನೆಯ ಗುಂಪಿನವರು ಮರಣದ ಆಚೆಗೆ ನೋಡುತ್ತಾರೆ. ಕ್ರಿಸ್ತನು ಪಾತಾಳಕ್ಕೆ ಇಳಿದನೆಂದು ನಾವು ವಿಶ್ವಾಸಪ್ರಮಾಣದಲ್ಲಿ ಹೇಳುತ್ತೇವೆ. ಆತನು ಸೆರೆಯಲ್ಲಿದ್ದ ಆತ್ಮಗಳಿಗೆ ಸಾರಿದನೆಂದೂ ಸತ್ತವರಿಗೂ ಸುವಾರ್ತೆ ಹೇಳಲ್ಪಟ್ಟಿತೆಂದೂ ಪೇತ್ರನ ಮೊದಲನೆಯ ಪತ್ರದಲ್ಲಿದೆ. ಹಾಗಾದರೆ ಬದುಕಿನಲ್ಲಿ ಕೇಳದವರು ಅಲ್ಲಿ ಕೇಳಿರಬಹುದೆಂದು ಅಲೆಕ್ಸಾಂಡ್ರಿಯದ ಕ್ಲೆಮೆಂಟನು ಹಳೆಯ ಕಾಲದಲ್ಲೇ ಬರೆದನು. ಆದರೆ ಒಂದು ಸಾರಿ ಸಾಯುವುದು, ಆಮೇಲೆ ನ್ಯಾಯತೀರ್ಪು ಎಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಐಶ್ವರ್ಯವಂತನಿಗೂ ಲಾಜರನಿಗೂ ನಡುವೆ ದಾಟಲಾಗದ ಕಂದರವಿತ್ತು. ಆದ್ದರಿಂದ ಈ ಮಾರ್ಗವನ್ನು ಒಪ್ಪದವರೇ ಹೆಚ್ಚು.

ನಾಲ್ಕನೆಯವರು, ಕಟ್ಟಕಡೆಗೆ ದೇವರ ಪ್ರೀತಿಯು ಎಲ್ಲರನ್ನೂ ಗೆಲ್ಲುವುದೆಂದು ನಿರೀಕ್ಷಿಸಿದವರು. ಒರಿಗೆನನು ಹೀಗೆ ಬೋಧಿಸಿದನು; ನಿಸ್ಸದ ಗ್ರೆಗೊರಿಯೂ ಈ ನಿರೀಕ್ಷೆಯನ್ನು ಇಟ್ಟುಕೊಂಡಿದ್ದನು. 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಕಾಲದಲ್ಲಿ ಒರಿಗೆನನ ಬೋಧನೆ ಖಂಡಿಸಲ್ಪಟ್ಟಿತು. ಗ್ರೆಗೊರಿಯನ್ನಾದರೋ ಸಭೆ ಇಂದಿಗೂ ಸಂತನೆಂದು ಗೌರವಿಸುತ್ತದೆ. ಈ ನಿರೀಕ್ಷೆ ಮಧುರವಾದದ್ದು. ಆದರೆ ಬಡವರನ್ನು ತುಳಿದವರಿಗೆ ಕರ್ತನು ಹೇಳಿದ ಎಚ್ಚರಿಕೆಯ ಮಾತುಗಳನ್ನು ನಾವು ಅಳಿಸಿಹಾಕುವಂತಿಲ್ಲ.

ನಮ್ಮ ತಾಯಂದಿರಿಗೆ ಹತ್ತಿರವಾದ ಇನ್ನೊಂದು ವಿಷಯವಿದೆ. ದೀಕ್ಷಾಸ್ನಾನಕ್ಕೆ ಮೊದಲೇ ತೀರಿಹೋದ ಹಸುಗೂಸುಗಳ ಗತಿಯೇನು? ಅಗಸ್ಟಿನನಂಥ ಮಹಾತ್ಮನು ಈ ವಿಷಯದಲ್ಲಿ ತುಂಬಾ ಕಠಿಣವಾಗಿ ಬರೆದನು. ಆಮೇಲಿನವರು ನೋವೂ ಇಲ್ಲದ, ದೇವದರ್ಶನವೂ ಇಲ್ಲದ ಒಂದು ಅಂಚಿನ ಲೋಕವನ್ನು ಕಲ್ಪಿಸಿ ಆ ಮಕ್ಕಳನ್ನು ಅಲ್ಲಿಟ್ಟರು. 2007ರಲ್ಲಿ ರೋಮಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಇದನ್ನು ಮತ್ತೆ ಪರಿಶೀಲಿಸಿ, ಇಂಥ ಮಕ್ಕಳು ರಕ್ಷಣೆ ಹೊಂದುವರೆಂದು ನಿರೀಕ್ಷಿಸಲು ಬಲವಾದ ಕಾರಣಗಳಿವೆಯೆಂದು ಹೇಳಿತು. ಆದರೆ ಇದು ನಿರೀಕ್ಷೆ, ಕಣ್ಣಾರೆ ಕಂಡ ಜ್ಞಾನವಲ್ಲ ಎಂದೂ ಸೇರಿಸಿತು. ನೂರಾರು ವರ್ಷ ಪಂಡಿತರು ಕಟ್ಟಿದ ಗೋಡೆಗಿಂತ, ಮಕ್ಕಳನ್ನು ತನ್ನ ಬಳಿಗೆ ಬರಗೊಡಿಸಿದ ಕರ್ತನ ತೋಳುಗಳೇ ದೊಡ್ಡವೆಂದು ಸಭೆ ನಿಧಾನವಾಗಿಯಾದರೂ ಕಂಡುಕೊಂಡಿತು.

ಇಷ್ಟೆಲ್ಲಾ ನೋಡಿದ ಮೇಲೆ, ಬಾಗಿಲ ಬಳಿ ನಿಂತ ಆ ತಾಯಿಗೆ ನಾವು ಹೇಳುವುದೇನು?

ಸೊದೋಮಿನ ಹೊರಗೆ ಅಬ್ರಹಾಮನು ದೇವರ ಮುಂದೆ ನಿಂತು ವಾದಿಸಿದ್ದನ್ನು ನೆನಪು ಮಾಡಿಕೊಳ್ಳೋಣ. ಭೂಲೋಕಕ್ಕೆಲ್ಲಾ ನ್ಯಾಯಾಧಿಪತಿಯಾದವನು ಅನ್ಯಾಯ ಮಾಡಲಾರನೆಂಬುದೇ ಅವನ ಗಟ್ಟಿ ನೆಲ. ನಮ್ಮ ಗಟ್ಟಿ ನೆಲವೂ ಅದೇ. ಯಜಮಾನನ ಚಿತ್ತ ತಿಳಿಯದೆ ತಪ್ಪಿದ ಆಳಿಗೆ ಕೆಲವೇ ಪೆಟ್ಟು, ತಿಳಿದೂ ತಪ್ಪಿದ ಆಳಿಗೆ ಬಹಳ ಪೆಟ್ಟು ಎಂದು ಕರ್ತನೇ ಹೇಳಿದನು. ಕೆಲಸಕ್ಕೆ ಕರೆ ಬಾರದವನ ಹೆಸರಿನ ಮುಂದೆ ಗೈರುಹಾಜರಿ ಬರೆಯುವ ಮೇಸ್ತ್ರಿಯನ್ನು ನಾವು ನ್ಯಾಯವಂತನೆನ್ನುತ್ತೇವೆಯೇ? ನಾವು ಮೇಸ್ತ್ರಿಯಲ್ಲಿ ಸಹಿಸದ ಅನ್ಯಾಯವನ್ನು ಪರಲೋಕದ ತಂದೆಯ ಮೇಲೆ ಹೊರಿಸುವುದು ಭಕ್ತಿಯಲ್ಲ.

ಆದುದರಿಂದ ನಮ್ಮ ಉತ್ತರ ಇಷ್ಟು: ತಾಯೀ, ನಿನ್ನ ಅವ್ವ ಎಲ್ಲಿದ್ದಾಳೆಂದು ಹೇಳುವ ಅಧಿಕಾರ ನಮಗೆ ಕೊಟ್ಟಿಲ್ಲ. ಆದರೆ ಅವಳು ಯಾರ ಕೈಯಲ್ಲಿದ್ದಾಳೆಂದು ಹೇಳಬಲ್ಲೆವು. ನಿನ್ನನ್ನು ಹುಡುಕಿಕೊಂಡು ಈ ಲೈನಿನವರೆಗೆ ಬಂದವನ ಕೈಯಲ್ಲಿದ್ದಾಳೆ. ಆ ಕೈಯಲ್ಲಿ ಮೊಳೆಯ ಗಾಯವಿದೆ. ನೀನು ಅವಳನ್ನು ಪ್ರೀತಿಸುವುದಕ್ಕಿಂತ ಕಡಿಮೆ ಅವನು ಪ್ರೀತಿಸುವನೆಂದು ಭಯಪಡಬೇಡ.

“ಹಾಗಾದರೆ ಸುವಾರ್ತೆ ಸಾರುವುದೇಕೆ? ಕೇಳದಿದ್ದರೂ ನಡೆಯುವುದಾದರೆ ಸುಮ್ಮನಿರಬಹುದಲ್ಲ?” ಎಂದು ಕೆಲವರು ಕೇಳುವರು. ನಮ್ಮ ತೋಟದ ಒಂದು ಮಾತಿನಿಂದ ಇದಕ್ಕೆ ಉತ್ತರ ಹೇಳುತ್ತೇವೆ. ಹೋರಾಡಿ ಕೂಲಿ ಒಪ್ಪಂದವಾಯಿತೆಂದಿಟ್ಟುಕೊಳ್ಳಿ. ಸಭೆಗೆ ಬಂದವಳಿಗೂ ಬಾರದವಳಿಗೂ ಒಂದೇ ಕೂಲಿ. ದೂರದ ಡಿವಿಷನ್ನಿನಲ್ಲಿ ಎಲೆ ಕೀಳುತ್ತಿರುವ ಒಬ್ಬಳಿಗೆ ಈ ಸುದ್ದಿಯೇ ತಿಳಿದಿಲ್ಲ. ತಿಳಿಯದಿದ್ದರೂ ಒಪ್ಪಂದದಲ್ಲಿ ಅವಳ ಪಾಲು ಇದೆ. ಹಾಗೆಂದು ನಾವು ಅವಳಿಗೆ ಹೇಳದೆ ಇರುತ್ತೇವೆಯೇ? ಅವಳು ಇನ್ನೂ ಹಳೆಯ ಭಯದಲ್ಲಿ ದುಡಿಯುತ್ತಿದ್ದಾಳೆ, ಸಾಲಗಾರನ ಮುಂದೆ ತಲೆ ತಗ್ಗಿಸಿ ನಿಂತಿದ್ದಾಳೆ. ತನಗೆ ಬರಬೇಕಾದದ್ದು ಬಂದಿದೆಯೆಂದು ಅವಳಿಗೆ ಗೊತ್ತಾಗಬೇಡವೇ? ಸಂಜೆಯೇ ಓಡಿಹೋಗಿ ಹೇಳುತ್ತೇವೆ. ಹೇಳದಿದ್ದರೆ ತಪ್ಪು ಅವಳದಲ್ಲ, ನಮ್ಮದು. ಉಪಮೆಗೆ ಒಂದು ಮಿತಿಯಿದೆ. ದೇವರ ದಾನವನ್ನು ಬೇಡವೆನ್ನುವ ಸ್ವಾತಂತ್ರ್ಯವೂ ಮನುಷ್ಯನಿಗಿದೆ, ಅದು ಭಯಂಕರವಾದ ಸ್ವಾತಂತ್ರ್ಯ. ಆದರೆ ನಾವು ಸಾರುವುದು ಏಕೆಂಬುದು ಇದರಿಂದ ತಿಳಿಯುತ್ತದೆ. ನರಕದ ಹೆದರಿಕೆ ಹುಟ್ಟಿಸಿ ಜನರನ್ನು ಕೂಡಿಸುವ ಅಗತ್ಯ ನಮಗಿಲ್ಲ.

ಈ ಪ್ರಶ್ನೆಯನ್ನು ಕರ್ತನ ಮುಂದೆಯೇ ಒಬ್ಬನು ಇಟ್ಟಿದ್ದನು. ರಕ್ಷಣೆ ಹೊಂದುವವರು ಕೆಲವರು ಮಾತ್ರವೋ ಎಂದು ಅವನು ಕೇಳಿದನು. ಕರ್ತನು ಲೆಕ್ಕ ಹೇಳಲಿಲ್ಲ. ನೀನು ಇಕ್ಕಟ್ಟಾದ ಬಾಗಿಲಿನಿಂದ ಒಳಗೆ ಹೋಗಲು ಹೆಣಗಾಡು ಎಂಬರ್ಥದಲ್ಲಿ ಪ್ರಶ್ನೆಯನ್ನು ಕೇಳಿದವನ ಕಡೆಗೇ ತಿರುಗಿಸಿದನು. ಇಟಲಿಯ ಕವಿ ದಾಂತೆ 14ನೆಯ ಶತಮಾನದ ಆರಂಭದಲ್ಲಿ ತನ್ನ ಕಾವ್ಯದಲ್ಲಿ ನಮ್ಮ ಸಿಂಧೂ ನದಿಯ ದಡದ ಒಬ್ಬ ಮನುಷ್ಯನನ್ನು ತಂದಿದ್ದಾನೆ. ಕ್ರಿಸ್ತನ ಹೆಸರು ಹೇಳುವವರೇ ಇಲ್ಲದ ನಾಡಿನಲ್ಲಿ ಒಳ್ಳೆಯವನಾಗಿ ಬಾಳಿ ಸತ್ತವನ ದೋಷವೇನು ಎಂಬುದು ಅಲ್ಲಿ ಪ್ರಶ್ನೆ. ಪರಲೋಕದಿಂದ ಕವಿಗೆ ಬರುವ ಉತ್ತರವೆಂದರೆ, ಅಷ್ಟು ದೂರ ಕಾಣದ ಕಣ್ಣಿನವನು ನ್ಯಾಯಪೀಠ ಹತ್ತಬಾರದು ಎಂಬುದೇ. ಕ್ರಿಸ್ತನ ಹೆಸರನ್ನು ಕೂಗಿ ಕರೆಯುವ ಎಷ್ಟೋ ಮಂದಿ ಆ ದಿನ, ಅವನನ್ನು ಅರಿಯದವನಿಗಿಂತ ದೂರ ನಿಲ್ಲಬೇಕಾದೀತು ಎಂಬ ಎಚ್ಚರಿಕೆಯೂ ಅಲ್ಲಿದೆ.

ಪ್ರಿಯರೇ, ಈ ಎಚ್ಚರಿಕೆ ನಮಗೆ. ಕೇಳದೆ ಹೋದ ಅಜ್ಜಿಯ ಗತಿಗಿಂತ, ಕೇಳಿಯೂ ನಡೆಯದ ಮೊಮ್ಮಕ್ಕಳ ಗತಿ ನಮ್ಮನ್ನು ಹೆದರಿಸಬೇಕು. ಎಲೆ ತೂಕದಲ್ಲಿ ಬಡವಿಯ ಕಿಲೋ ಕದಿಯುವವನು ಭಾನುವಾರ ಮುಂದಿನ ಸಾಲಿನಲ್ಲಿ ಕುಳಿತರೆ ಪ್ರಯೋಜನವೇನು? ಕಡೇ ದಿನದ ತೀರ್ಪಿನಲ್ಲಿ ಕರ್ತನು ಕೇಳುವ ಲೆಕ್ಕ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿದೆ: ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗೆ ಆಸರೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವರ ಭೇಟಿ. ಬಲಗಡೆ ನಿಂತವರು, ನಾವು ಯಾವಾಗ ನಿನಗೆ ಇದನ್ನು ಮಾಡಿದೆವು ಎಂದು ಬೆರಗಾಗುತ್ತಾರೆ. ಸೇವೆ ಮಾಡಿದ್ದು ಯಾರಿಗೆಂದು ಅವರಿಗೆ ಗೊತ್ತೇ ಇರಲಿಲ್ಲ! ತನ್ನ ತಟ್ಟೆಯ ಗಂಜಿ ಬಗ್ಗಿಸಿ ಕೊಟ್ಟ ಆ ಅವ್ವನ ನೆನಪು ಇಲ್ಲಿ ನಮಗೆ ಬಾರದೆ ಇರದು.

ಕಡೆಯದಾಗಿ ಒಂದು ಮಣ್ಣಿನ ಮಾತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಮ್ಮ ಹಾಗೆಯೇ ತೋಟದಲ್ಲಿ ದುಡಿದ ಸಂಸಾರಗಳು ಎಷ್ಟೋ ಇದ್ದವು. ಗುರುತು ಸಿಗದ ದೇಹಗಳನ್ನೂ ದೇಹದ ಭಾಗಗಳನ್ನೂ ಪುತ್ತುಮಲೆಯಲ್ಲಿ ಹೂಳಿದರು. 2019ರ ಆಗಸ್ಟಿನಲ್ಲಿ ತಾನೇ ಮಣ್ಣಿನಡಿ ಸಿಕ್ಕಿ ನೊಂದಿದ್ದ ಊರು ಅದು. ಹೂಳುವಾಗ ಹೆಸರಿಲ್ಲ, ಜಾತಿಯಿಲ್ಲ, ಮತ ಯಾವುದೆಂದು ತಿಳಿಯದು. ಸಮಾಧಿಯ ಮೇಲೆ ಒಂದು ಸಂಖ್ಯೆ ಮಾತ್ರ. ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಆ ಗುಂಡಿಗಳ ಬಳಿ ನಿಂತು ತಮ್ಮ ತಮ್ಮ ರೀತಿಯಲ್ಲಿ ಪ್ರಾರ್ಥಿಸಿದರು. ಇವರಲ್ಲಿ ಯಾರು ಕೇಳಿದವರು, ಯಾರು ಕೇಳದವರು ಎಂದು ಆ ದಿನ ಯಾರೂ ವಿಂಗಡಿಸಲಿಲ್ಲ. ವಿಂಗಡಿಸಲು ಸಾಧ್ಯವೂ ಇರಲಿಲ್ಲ. ನಮಗೆ ಸಂಖ್ಯೆಯಾಗಿ ಉಳಿದವರನ್ನು ಹೆಸರು ಹಿಡಿದು ಕರೆಯಬಲ್ಲವನು ಒಬ್ಬನಿದ್ದಾನೆ.

ಆದುದರಿಂದ ನಮ್ಮ ಕೂಟಗಳವರಲ್ಲಿ ಮೂರು ಮಾತು ಬೇಡಿಕೊಳ್ಳುತ್ತೇವೆ. ಸಾವಿನ ಮನೆಯಲ್ಲಿ, ಸತ್ತವರು ಯಾವ ಮತದವರೇ ಆಗಿರಲಿ, ಅವರು ನರಕಕ್ಕೆ ಹೋದರೆಂಬ ಮಾತು ನಮ್ಮ ಬಾಯಿಂದ ಹೊರಡದಿರಲಿ. ಪಕ್ಕದ ಲೈನಿನ ಹಿಂದೂ ಮನೆಯಲ್ಲಿ ಸಾವಾದರೆ ನಾವೂ ಹೋಗಿ ಚಟ್ಟಕ್ಕೆ ಹೆಗಲು ಕೊಡೋಣ, ಮಕ್ಕಳಿಗೆ ಗಂಜಿ ಕಾಯಿಸಿ ಕೊಡೋಣ. ಇನ್ನು, ಕ್ರಿಸ್ತನನ್ನು ಅರಿಯದೆ ಹೋದ ನಿಮ್ಮ ತಂದೆ ತಾಯಿಯರನ್ನು ನೆನೆದು ದೇವರಿಗೆ ಸ್ತೋತ್ರ ಸಲ್ಲಿಸಲು ನಾಚಬೇಡಿರಿ. ಸತ್ತವರಿಗಾಗಿ ಪ್ರಾರ್ಥಿಸುವ ವಿಷಯದಲ್ಲಿ ಸಭೆಗಳ ನಡುವೆ ಭೇದವಿದೆ. ಅದನ್ನು ಇಲ್ಲಿ ಬಿಡಿಸಲು ಹೋಗುವುದಿಲ್ಲ. ಆದರೆ ಅವರು ನಿಮ್ಮನ್ನು ಹೆತ್ತದ್ದಕ್ಕೆ, ಸಾಕಿದ್ದಕ್ಕೆ, ಘಟ್ಟ ಹತ್ತಿಸಿ ಕರೆತಂದದ್ದಕ್ಕೆ ಸ್ತೋತ್ರ ಹೇಳುವುದನ್ನು ಯಾವ ಸಭೆಯೂ ತಡೆಯುವುದಿಲ್ಲ.

ಅವ್ವನ ಹೆಸರನ್ನು ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಹೇಳಿರಿ. ಆಮೇಲೆ ಎದ್ದು, ಇನ್ನೂ ಕೇಳದಿರುವ ನೆರೆಯವಳ ಬಳಿಗೆ ಹೋಗಿರಿ. ಹೋಗುವಾಗ ಕೈಯಲ್ಲಿ ಅನ್ನವೂ ಬಾಯಲ್ಲಿ ಒಳ್ಳೆಯ ಸುದ್ದಿಯೂ ಇರಲಿ. ಉಳಿದದ್ದನ್ನು ಭೂಲೋಕದ ನ್ಯಾಯಾಧಿಪತಿಗೆ ಬಿಡೋಣ. ಆತನು ನ್ಯಾಯವನ್ನೇ ಮಾಡುವನು.